ಕ್ಯಾಮೆರಾದ ಕಪ್ಪು ಕಲೆ

ಎಂಬತ್ತರ ದಶಕದ ಆರಂಭದಲ್ಲಿ ನಾನು ಬೆಳಗಾವಿಯಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳುತ್ತಿದ್ದೆ. ಮಿಲಿಟರಿ ಕ್ಯಾಂಪಿನ ಹತ್ತಿರದ ಆಸ್ಪತ್ರೆಯೊಂದಕ್ಕೆ ಪರದೇಶದ ಯಾರೋ ಪುಣ್ಯಾತ್ಮರು ಹಳೆಯ ಕ್ಯಾಮೆರಾ ದಾನ ಕೊಟ್ಟಿದ್ದರು. ಹೆಂಗಸರ ಎದೆಯ ಶಾಖವನ್ನು ಪರದೆಯ ಮೇಲೆ ತೋರಿಸುವ ಯಂತ್ರ ಅದು. ಬಿಸಿ ಇದ್ದಲ್ಲಿ ಬೆಳ್ಳಗೆ, ತಣ್ಣಗಿದ್ದಲ್ಲಿ ಕಪ್ಪಗೆ. ಕೆಟ್ಟ ಗಂಟು ಬಿಸಿಯಾಗಿರುತ್ತದೆ ಎಂಬುದು ಆಗಿನ ನಂಬಿಕೆ. ಬರುವಾಗಲೇ ಅದರ ಆಂಪ್ಲಿಫೈಯರ್ ಸುಟ್ಟುಹೋಗಿತ್ತು. ಹೊಸ ಬೋರ್ಡ್ ವಿನ್ಯಾಸ ಮಾಡಿಕೊಡುತ್ತೇನೆಂದು ನಾನೇ ಮೈಮೇಲೆ ಎಳೆದುಕೊಂಡೆ.

ಬೋರ್ಡ್ ಕೂರಿಸಿದರೆ ಎಷ್ಟೋ ಹೆಂಗಸರ ಎದೆಯ ಚಿತ್ರದಲ್ಲಿ ಗುಂಡನೆಯ ಕಪ್ಪು ಕಲೆ. ಗೋಡೆಗೆ ತಿರುಗಿಸಿದರೆ ಕಲೆ ಇಲ್ಲ. ಹಾಗಾದರೆ ಬಿಸಿ ಕಂಡಾಗ ನನ್ನ ಆಂಪ್ಲಿಫೈಯರೇ ದಾರಿ ತಪ್ಪುತ್ತಿದೆ ಎಂದುಕೊಂಡೆ. ಅಂಗಿ ಬಿಚ್ಚಿ ನಾನೇ ನಿಂತು ನೋಡಿದೆ. ನನ್ನ ಎದೆಯ ಮೇಲೂ ಅದೇ ಕಲೆ! ಇನ್ನೇನು ಅನುಮಾನ? ಬೆಸುಗೆ ಬಿಚ್ಚಿದೆ, ಮತ್ತೆ ಹಾಕಿದೆ, ಟ್ರಾನ್ಸಿಸ್ಟರ್ ಬದಲಿಸಿದೆ, ಕಂಡಕಂಡವರ ಮೇಲೆ ಹರಿಹಾಯ್ದೆ.

ಖಾನಾಪುರದಲ್ಲಿದ್ದ ನನ್ನ ಅಕ್ಕನ ಎದೆಯಲ್ಲಿ ಗಂಟು ಕಾಣಿಸಿಕೊಂಡದ್ದು ಅದೇ ದಿನಗಳಲ್ಲಿ. ಚಿತ್ರ ನೋಡದೆ ಏನೂ ಹೇಳಲಾರೆ ಎಂದರು ಡಾಕ್ಟರು. ಅಕ್ಕ ಎರಡು ಸಲ ಬಸ್ಸು ಹಿಡಿದು ಬಂದಳು. ಎರಡು ಸಲವೂ ಕಲೆ ಸರಿಯಾಗಿ ಗಂಟಿನ ಮೇಲೆಯೇ ಕೂತಿತ್ತು.

"ಮಷೀನ್ ಸರಿ ಇಲ್ಲಕ್ಕಾ. ಮುಂದಿನ ವಾರ ಬಾ," ಎಂದೆ.

"ಬರ್ತೀನಿ ಬಿಡಪಾ. ಅದಕ್ಯಾಕ ಇಷ್ಟ್ ಸಿಟ್ಟಿಗೇಳ್ತಿ?"

ಮೂರನೇ ಸಲ ಅವಳು ಬಂದಾಗಲೂ ನಾನು ಬೋರ್ಡಿಗೆ ಶಾಪ ಹಾಕುತ್ತಿದ್ದೆ. ಹೆಂಗಸರನ್ನು ಕ್ಯಾಮೆರಾದ ಮುಂದೆ ನಿಲ್ಲಿಸುತ್ತಿದ್ದ ಮರಾಠಿ ಆಯಾ ಮೆಲ್ಲಗೆ ಕೇಳಿದಳು: "ಸಾಹೇಬ್ರ, ನಿಮ್ಮ ಕೊಳ್ಳಾಗಿಂದು ಬಾಜೂಕ ಸರಿಸಿ ನೋಡೀರೇನ್ರಿ?"

ನನ್ನ ಕೊರಳಲ್ಲೂ ಅಕ್ಕನ ಕೊರಳಲ್ಲೂ ತೂಗುತ್ತಿದ್ದ ಇಷ್ಟಲಿಂಗದ ಬೆಳ್ಳಿ ಕರಡಿಗೆ!

"ತಾಳಿ-ಸರ ಎಲ್ಲಾ ತಗಸ್ತೀನ್ರಿ. ಇದನ್ನ ಮಾತ್ರ ನಿಮ್ಮ ಮಂದಿ ತಗ್ಯಂಗಿಲ್ಲ. ನಮ್ಮ ಮಂದಿ ಫೋಟೋದಾಗ ಆ ಕಪ್ಪಂದು ಬರಂಗಿಲ್ರಿ."

"ಮೊದಲ ಯಾಕ ಹೇಳಲಿಲ್ಲ?"

"ಮಾತಾಡಾಕ ನೀವು ಎಲ್ಲಿ ಬಿಟ್ರಿ?"

ಹೊಳೆಯುವ ಬೆಳ್ಳಿ ಮೈಯ ಶಾಖವನ್ನು ಹೊರಗೆ ತೋರಿಸುವುದಿಲ್ಲ ಎಂದು ವರ್ಷವರ್ಷವೂ ಹಲಗೆಯ ಮೇಲೆ ಬರೆದು ಕಲಿಸುವವನು ನಾನೇ. ಆದರೆ ಹುಟ್ಟಿದಾಗಿನಿಂದ ಕೊರಳಲ್ಲಿರುವ ಕರಡಿಗೆ ನನಗೆ ಮೈಯದೇ ಒಂದು ಭಾಗ. ಅದು ಬೆಳ್ಳಿಯದು ಎಂಬುದೇ ತಲೆಗೆ ಹೋಗಿರಲಿಲ್ಲ. ನನ್ನ ತಲೆಯನ್ನು ನಾನೇ ಚಚ್ಚಿಕೊಳ್ಳಬೇಕೆನಿಸಿತು.

ತೆಗೆದಿಡು ಎಂದು ಅಕ್ಕನಿಗೆ ಹೇಳಲು ಬಾಯಿ ಬರಲಿಲ್ಲ. ಅವಳೇ ಪೂಜೆಯ ಹೊತ್ತಿನಂತೆ ಅದನ್ನು ಎಡ ಅಂಗೈಯಲ್ಲಿಟ್ಟುಕೊಂಡು, ದಾರ ಸಾಲುವಷ್ಟು ಕೈಯನ್ನು ಮೇಲಕ್ಕೆತ್ತಿ ನಿಂತಳು. ಕಲೆ ಹೋಯಿತು. ಅದು ಮುಚ್ಚಿಕೊಂಡಿದ್ದ ಜಾಗದಲ್ಲಿ ಬೆಳ್ಳನೆಯ ಬಿಸಿ ಹರಡಿಕೊಂಡಿತ್ತು. ಡಾಕ್ಟರು ಪರದೆಯನ್ನೇ ನೋಡಿ, ಆಪರೇಷನ್ನಿಗೆ ಚೀಟಿ ಬರೆಯತೊಡಗಿದರು. ಇನ್ನು ತಡ ಮಾಡುವಂತಿಲ್ಲ ಎಂದರು.

"ಅಂತೂ ಮಷೀನ್ ಸರಿ ಆತಲ್ಲಾ," ಎಂದಳು ಅಕ್ಕ, ಅಂಗೈ ಇನ್ನೂ ಹಾಗೇ ಹಿಡಿದುಕೊಂಡು. "ಇನ್ನರ ಸಿಟ್ಟು ಬಿಡು."

ಮಷೀನು ಬೋರ್ಡ್ ಕೂರಿಸಿದ ದಿನದಿಂದಲೂ ಸರಿಯಾಗಿಯೇ ಇತ್ತು. ಅದನ್ನು ಅವಳಿಗೆ ಹೇಳುವ ಧೈರ್ಯ ನನಗೆ ಕೊನೆಯವರೆಗೂ ಬರಲಿಲ್ಲ.