ಗುಂಡನ ಮೂರನೇ ಬೆರಳು

ಸರಸರ, ಸರಸರ. ಕುಶಾಲನಗರದಾಚೆಯ ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ ಬೆಳಗಿನಿಂದ ಸಂಜೆಯವರೆಗೂ ಇದೇ ಸದ್ದು. ಬೆಲ್ಟಿನ ಮೇಲೆ ಬೀಜದ ಹೊಳೆ ಹರಿಯುತ್ತದೆ, ಎರಡೂ ದಡದಲ್ಲಿ ಹೆಂಗಸರು ಕೂತಿರುತ್ತಾರೆ. ವನಜಮ್ಮನ ಕೈ ಆಗಾಗ ಹೊಳೆಗಿಳಿದು ಕೆಟ್ಟ ಕಪ್ಪು ಬೀಜವೊಂದನ್ನು ಹೆಕ್ಕುತ್ತದೆ. ಇಪ್ಪತ್ತೆರಡು ವರ್ಷಗಳಿಂದ ಇದೇ ಕೆಲಸ. ಕಣ್ಣು ಎಷ್ಟು ಪಳಗಿದೆಯೆಂದರೆ, ಮದುವೆಯೂಟದಲ್ಲಿ ಪಕ್ಕದವರ ಎಲೆಯ ಅನ್ನದಲ್ಲಿನ ಕಲ್ಲೂ ಮೊದಲು ಅವಳಿಗೇ ಕಾಣುತ್ತದೆ.

ಮಗ ಧರ್ಮೇಶ ದುಬಾರೆ ಕಡೆಯ ರೆಸಾರ್ಟೊಂದರಲ್ಲಿ ಎಲೆಕ್ಟ್ರಿಷಿಯನ್. ದೀಪಾವಳಿಗೆ ಮೈಸೂರಿನ ಗೆಳೆಯನಿಂದ ಬಿಯರ್ಡೆಡ್ ಡ್ರ್ಯಾಗನ್ ಎಂಬ ಗಡ್ಡದ ಓತಿಕ್ಯಾತವೊಂದನ್ನು ತಂದ.

"ಬೇಲಿ ಮೇಲೆ ಪುಕ್ಕಟೆ ಕೂತಿರೋದ್ನ ಮೈಸೂರಿಂದ ತಂದ್ಯೇನ್ಲಾ?" ಎಂದು ವನಜಮ್ಮ ನಕ್ಕಳು. ಆದರೆ ವಾರದೊಳಗೆ ಅದಕ್ಕೆ ಗುಂಡ ಎಂದು ಹೆಸರಿಟ್ಟವಳೂ, ನುಗ್ಗೆಸೊಪ್ಪು ಸಣ್ಣಗೆ ಹೆಚ್ಚಿ ತಿನ್ನಿಸಿದವಳೂ ಅವಳೇ. ಜನವರಿಯ ಚಳಿಗೆ ಜೀವ ನಡುಗೀತೆಂದು, ಅದರ ಗಾಜಿನ ಪೆಟ್ಟಿಗೆಯನ್ನು ಬಚ್ಚಲ ಒಲೆಯ ಪಕ್ಕಕ್ಕೆ ಸರಿಸಿದವಳೂ ಅವಳೇ.

ಅದಾದ ಹದಿನೈದು ದಿನಕ್ಕೆ ಗುಂಡ ಪೊರೆ ಬಿಟ್ಟ. ಮರುದಿನ ಸಂಜೆ ಸೊಪ್ಪು ಹಾಕಲು ಬಗ್ಗಿದ ವನಜಮ್ಮ ಹಾಗೇ ನಿಂತುಬಿಟ್ಟಳು. ಹಿಂದಿನ ಬಲಗಾಲಿನ ಮೂರನೇ ಬೆರಳ ತುದಿ ಕಪ್ಪಗಿತ್ತು.

"ಅದ್ರ ಬಣ್ಣಾನೇ ಹಂಗೆ ಕಣಮ್ಮ," ಎಂದ ಧರ್ಮೇಶ.

"ಎಡಗಾಲು ನೋಡ್ಲಾ. ಅದೂ ಹಂಗೈತಾ?"

ಇರಲಿಲ್ಲ. ಬಲಗಾಲಿನ ಬೆರಳಿನ ಬುಡದಲ್ಲಿ ಉದುರದ ಹಳೆ ಪೊರೆ ದಾರದಂತೆ ಬಿಗಿದಿತ್ತು. ಅದರಾಚೆಗೆ ಊತ. ಕಿತ್ತುಬಿಡೋಣವೆಂದು ಧರ್ಮೇಶ ಉಗುರು ಹಾಕಿದ್ದೇ ತಡ, ಗುಂಡ ಸಿಟ್ಟಿಗೆ ಗಡ್ಡ ಉಬ್ಬಿಸಿದ, ಅದು ಮಸಿಯಂತೆ ಕಪ್ಪಾಯಿತು. ವನಜಮ್ಮ ಮಗನ ಕೈಗೆ ಒಂದು ಬಿಟ್ಟಳು.

ಪಶು ಆಸ್ಪತ್ರೆಯ ಡಾಕ್ಟರ್ ವೀಣಾ ಭೂತಗನ್ನಡಿ ಹಿಡಿದು ನೋಡಿದರು. "ಕೀಳದೆ ಇದ್ದದ್ದು ಒಳ್ಳೇದಾಯ್ತು. ಪೊರೆ ಬಿಗಿದು ರಕ್ತ ಓಡ್ತಿಲ್ಲ. ಪೆಟ್ಟಿಗೆ ಎಲ್ಲಿಟ್ಟಿದ್ರಿ?"

"ಒಲೆ ಪಕ್ಕ, ಮೇಡಮ್."

"ಆ ಕಾವಿಗೇ ಚರ್ಮ ಒಣಗಿ ಅಂಟ್ಕೊಂಡಿರೋದು. ದಿನಕ್ಕೆರಡು ಸಲ ಉಗುರುಬೆಚ್ಚಗಿನ ನೀರಲ್ಲಿ ಹತ್ತು ನಿಮಿಷ ನಿಲ್ಸಿ. ಅದರ ಮೊಣಕೈವರೆಗೆ ನೀರಿದ್ರೆ ಸಾಕು. ಆಮೇಲೆ ಮೆತ್ತನೆ ಬ್ರಷ್ಷಲ್ಲಿ ಸವರಿ. ಮೂರು ದಿನದಲ್ಲಿ ಊತ ಇಳೀದಿದ್ರೆ ಬೆರಳು ತೆಗೀಬೇಕಾಗ್ತದೆ."

ಬಸ್ಸಿನಲ್ಲಿ ವನಜಮ್ಮ ಗುಂಡನ ಬೆರಳನ್ನೇ ನೋಡುತ್ತ ಕೂತಳು. ಅವನು ಬೆಚ್ಚಗಿರಲೆಂದು ತಾನು ಮಾಡಿದ್ದೇ ಆ ಬೆರಳಿಗೆ ಮುಳುವಾಗಿತ್ತು. ಮನೆಗೆ ಬಂದವಳೇ ಪೆಟ್ಟಿಗೆಯನ್ನು ಒಲೆಯಿಂದ ದೂರ, ನಡುಮನೆಗೆ ಒಯ್ದಳು.

ಮಾರನೆಯ ದಿನ ಬೆಲ್ಟಿನ ಆಚೆ ದಡದ ಲಿಂಗಮ್ಮ ಸುಮ್ಮನಿರಲಿಲ್ಲ. "ವನಜಕ್ಕ ಓತಿಕ್ಯಾತಕ್ಕೆ ಬಾಣಂತನ ಮಾಡ್ತಾ ಅವ್ಳಂತೆ! ಖಾರದುಂಡೆ ಕಟ್ಟಿದ್ಯೇನಕ್ಕಾ?"

"ಕಟ್ಟಿವ್ನಿ. ಮಿಕ್ಕಿದ್ರೆ ನಿಂಗೂ ತತ್ತೀನಿ," ಎಂದಳು ವನಜಮ್ಮ. ನಗು ಬೆಲ್ಟಿನುದ್ದಕ್ಕೂ ಹರಿಯಿತು. ಅವಳೂ ನಕ್ಕಳು, ಮನಸ್ಸು ಮಾತ್ರ ಗುಂಡನನ್ನು ನಿಲ್ಲಿಸುವ ಬೋಗುಣಿಯ ನೀರಿನಲ್ಲಿತ್ತು.

ಎರಡು ದಿನ ಏನೂ ಆಗಲಿಲ್ಲ. ಮೂರನೆಯ ಸಂಜೆ ಬೋಗುಣಿಯಲ್ಲಿ ನಿಂತ ಗುಂಡ ಕಣ್ಣು ಮುಚ್ಚಿ ರಾಜನಂತೆ ಗದ್ದ ಎತ್ತಿದ. ವನಜಮ್ಮ ಮೆಲ್ಲಗೆ ಬ್ರಷ್ ಸವರಿದಳು. ಪೊರೆಯ ಉಂಗುರ ಸಡಿಲಗೊಂಡು, ಜಾರಿ, ನೀರಿನ ಮೇಲೆ ತೇಲಿತು.

"ಬಂತು ಕಣ್ಲಾ!" ಎಂದು ಅವಳು ಕೂಗಿದ್ದಕ್ಕೆ ಧರ್ಮೇಶ ಅರ್ಧ ಗಡ್ಡಕ್ಕೆ ಸೋಪು ಹಚ್ಚಿಕೊಂಡೇ ಓಡಿಬಂದ. ಇಬ್ಬರೂ ಬೋಗುಣಿಯ ಸುತ್ತ ಕೂತು ಮಕ್ಕಳಂತೆ ನಕ್ಕರು. ಆ ರಾತ್ರಿ ಗುಂಡ ಸೊಪ್ಪಿನ ತಟ್ಟೆ ಖಾಲಿ ಮಾಡಿದ.

ಮರುದಿನ ಬೆಳಿಗ್ಗೆ ಆಸ್ಪತ್ರೆಯಲ್ಲಿ ಡಾಕ್ಟರು ಬೆರಳನ್ನು ಒತ್ತಿ ನೋಡಿದರು. ಊತ ಇಳಿದಿತ್ತು, ಕಪ್ಪಿನ ಅಂಚಿನಲ್ಲಿ ತಿಳಿಗೆಂಪು ಹತ್ತಿತ್ತು.

"ಬೆರಳು ಉಳೀತು ವನಜಮ್ಮ. ಜನ ಇಂಥವನ್ನ ತರೋದೇ ಬೆರಳು ಉದುರಿದ ಮೇಲೆ. ಸಾಸಿವೆಯಷ್ಟು ಕಪ್ಪು ನಿಮಗೆ ಹೆಂಗೆ ಕಾಣಿಸ್ತು? ನಮ್ಮಲ್ಲಿ ಕಲಿಯೋಕೆ ಬರೋ ಹುಡುಗರಿಗೆ ನೀವೊಂದು ಸಲ ಬಂದು ನೋಡೋದು ಹೇಗೇಂತ..."

ಹೊರಗೆ ಮಂಜು ಸರಿದು ಅಂಗಳಕ್ಕೆ ಬಿಸಿಲು ಬಿತ್ತು. ಗುಂಡ ಕತ್ತು ತಿರುಗಿಸಿ ಅತ್ತಲೇ ನೋಡಿದ. ವನಜಮ್ಮ ಅವನನ್ನು ಎದೆಗವಚಿಕೊಂಡು ಎದ್ದಳು.

"ಅಮ್ಮಾ, ಡಾಕ್ಟ್ರು ಮಾತಾಡ್ತಾ ಅವ್ರೆ!"

"ನೀನ್ ಕೇಳಿಸ್ಕೊಂಡಿರ್ಲಾ," ಎನ್ನುವಾಗ ಅವಳು ಆಗಲೇ ಗುಂಡನೊಂದಿಗೆ ಬಿಸಿಲಿಗೆ ಮೆಟ್ಟಿಲಿಳಿಯುತ್ತಿದ್ದಳು.