ಕಂಡಕ್ಟರರ ಗಿಟಾರ್

ಹೊನ್ನಾವರದಲ್ಲಿ ನಮ್ಮ ಪಕ್ಕದ ಮನೆಯ ಬಸ್ ಕಂಡಕ್ಟರು ಡ್ಯೂಟಿ ಮುಗಿಸಿ ಬಂದವರೇ ಜಗಲಿಯಲ್ಲಿ ಕೂತು ಗಿಟಾರ್ ಕಲಿಯುತ್ತಿದ್ದರು. ಹಿಡಿತ ಬದಲಿಸುವಾಗಲೆಲ್ಲ ಬೆರಳು ತಂತಿಗಾಗಿ ತಡಕಾಡುತ್ತಿತ್ತು. "ತಡೀರಿ, ಬಂತು" ಎನ್ನುತ್ತಿದ್ದರು. ಬರುತ್ತಿರಲಿಲ್ಲ. ಉಪ್ಪುಗಾಳಿಗೆ ತುಕ್ಕು ಹಿಡಿದ ತಂತಿ ಕುಯ್ದು ನಂಜಾದೀತೆಂದು ನಾನು ಚಿಂತಿಸುತ್ತಿದ್ದೆ. ದಿನವೂ ತಪ್ಪದೆ ನಾನು ಮಾಡುವ ಅಭ್ಯಾಸ ಅದೊಂದೇ.

ಒಂದು ಸಂಜೆ ಗಿಟಾರನ್ನು ಚೀಲಕ್ಕೆ ತುಂಬುತ್ತ, "ಸಾಕು ಮಾರಾಯ್ರೆ, ಯಾರಿಗಾದ್ರೂ ಕೊಟ್ಬಿಡ್ತೆ" ಎಂದರು.

ಸೊಪ್ಪು ಬಿಡಿಸುತ್ತಿದ್ದ ಅವರ ತಾಯಿ, "ಕೊಡೂದು ನಾಳೆ ಕೊಡು. ಈಗ ನನ್ನ ಪದಕ್ಕೆ ಬಾರ್ಸು" ಎಂದು ನಾಟಿಯ ಹಾಡು ಎತ್ತಿಕೊಂಡರು.

ಮಗನ ಬೆರಳು ತಡವರಿಸಿದಲ್ಲೆಲ್ಲ ತಾಯಿ ಅದೇ ಸ್ವರವನ್ನು ಎಳೆಯುತ್ತ ಕಾದರು. ಬೆರಳು ಕೂತ ಮೇಲೆಯೇ ಮುಂದಿನ ಸಾಲು.

ಹಾಡು ಮುಗಿದಾಗ ಕಂಡಕ್ಟರು ಬೆವರು ಒರೆಸಿಕೊಳ್ಳುತ್ತ, "ಕೇಳಿದ್ರಾ? ಎಲ್ಲೂ ತಪ್ಲಿಲ್ಲ!" ಎಂದರು.

ಉಸಿರು ಸಾಲದೆ ಕೆಮ್ಮುತ್ತಿದ್ದ ತಾಯಿ, "ಹೌದು ಮಗಾ. ಒಂದ್ ಲೋಟ ನೀರು ತಾ" ಎಂದರು.