ಮಧ್ಯದ ಬೆಂಚಿನ ಹುಡುಗಿಯ ಸಂಬಳ

ನಾನು ಓದಿದ ಕಾನ್ವೆಂಟಿನಲ್ಲಿ ದನಿ ಎತ್ತುವುದೇ ದೊಡ್ಡ ತಪ್ಪು. ಸಿಸ್ಟರ್ ತುಟಿಯ ಮೇಲೆ ಬೆರಳಿಟ್ಟು ನಿಂತರೆ ಸಾಲಿಗೆ ಸಾಲೇ ತಣ್ಣಗಾಗುತ್ತಿತ್ತು. ಹಾಗಾಗಿ ಮದುವೆಯಾಗಿ ಬನಶಂಕರಿಗೆ ಬಂದ ಮೇಲೆ, ಸೊಪ್ಪಿನವಳ ಜೊತೆ ಬೀದಿಗೆಲ್ಲ ಕೇಳುವಂತೆ ವಾದಿಸುವ ನನ್ನ ಅತ್ತೆಯವರ ವಿದ್ಯೆ ನನಗೆ ಹತ್ತಲೇ ಇಲ್ಲ. ನಾನು ಬೇರೆ ದಾರಿ ಹುಡುಕಿಕೊಂಡೆ. ಬೆಲೆ ಕೇಳುವುದು. ಹೆಚ್ಚೆನಿಸಿದರೆ ಸೊಪ್ಪಿನ ಕಟ್ಟನ್ನು ಎಲೆ ನಲುಗದಂತೆ ಇದ್ದಲ್ಲೇ ಇಟ್ಟು, ‘ತೊಂದ್ರೆ ಕೊಟ್ಟೆ, ಬರ್ತೀನಮ್ಮ’ ಎಂದು ನಕ್ಕು ಹೊರಡುವುದು. ಎಷ್ಟೋ ಸಲ ರಸ್ತೆಯ ತಿರುವು ಬರುವ ಮೊದಲೇ ಹಿಂದಿನಿಂದ ಕೂಗು ಬರುತ್ತಿತ್ತು: ‘ಅಕ್ಕಾ, ಬನ್ನಿ, ನೀವ್ ಕೇಳಿದ್ ರೇಟಿಗೇ ತಗೊಂಡ್ ಹೋಗಿ.’ ಇಷ್ಟಕ್ಕೆ ಕೊಡಿ ಎಂದು ನಾನು ಕೇಳಿಯೇ ಇರುತ್ತಿರಲಿಲ್ಲ.

ಇದಕ್ಕೆ ಒಂದೇ ನಿಯಮ. ವಾಪಸ್ ಇಡುವಾಗ ನಿಜವಾಗಿಯೂ ಬೇಡವೆಂದುಕೊಂಡೇ ಇಡಬೇಕು. ನಾಟಕವಾಡಿದರೆ ನಮ್ಮ ಬೆನ್ನು ನೋಡಿಯೇ ಅವರಿಗೆ ತಿಳಿದುಬಿಡುತ್ತದೆ.

ಮಗಳು ಪಿಯುಸಿ ಮುಗಿಸಿದ ವರ್ಷ ಪ್ರಾಡಕ್ಟ್ ಡಿಸೈನ್ ಓದುತ್ತೇನೆಂದು ಹಟ ಹಿಡಿದಳು. ಚಿಕ್ಕವಳಿದ್ದಾಗಿನಿಂದಲೂ ಅವಳಿಗೆ ವಸ್ತುಗಳ ಮೇಲೆ ಸಿಟ್ಟು. ಕುಕ್ಕರಿನ ಹಿಡಿ ಯಾಕೆ ಸುಡಬೇಕು, ಮಿಕ್ಸಿ ಜಾರಿನ ಮುಚ್ಚಳದಿಂದ ಯಾಕೆ ಚಟ್ನಿ ಸಿಡಿಯಬೇಕು ಎಂದು ನನ್ನನ್ನೇ ತಪ್ಪಿತಸ್ಥೆಯಂತೆ ಕೇಳುತ್ತಿದ್ದಳು. ಅವಳು ಆರಿಸಿದ್ದು ಮೆಟ್ರೋ ಹಸಿರು ಮಾರ್ಗದ ಕೊನೆಯ ನಿಲ್ದಾಣದಿಂದಲೂ ಆಚೆ, ಗಾಜಿನ ಗೋಡೆಗಳ ಒಂದು ಖಾಸಗಿ ವಿಶ್ವವಿದ್ಯಾಲಯ. ಹಾಸ್ಟೆಲ್ ಸೇರಿ ನಾಲ್ಕು ವರ್ಷಕ್ಕೆ ಇಪ್ಪತ್ತನಾಲ್ಕು ಲಕ್ಷ.

ನಮ್ಮವರು ತಟ್ಟೆಯಲ್ಲಿದ್ದ ದೋಸೆಯನ್ನು ಹಾಗೇ ಬಿಟ್ಟರು.

‘ರಂಗೋಲಿ ಹಾಕೋದ್ ಕಲಿಯೋಕೆ ಇಪ್ಪತ್ನಾಲ್ಕು ಲಕ್ಷನೇನಮ್ಮಾ?’

‘ರಂಗೋಲಿ ಅಲ್ಲಪ್ಪಾ, ಡಿಸೈನ್!’

‘ಅದೇ. ಆ ದುಡ್ಡು ಎಫ್‌ಡಿಲಿ ಇಟ್ರೆ ನಾಲ್ಕು ವರ್ಷಕ್ಕೆ ಎಷ್ಟಾಗುತ್ತೆ ಗೊತ್ತಾ?’

‘ಇಡಿ. ನಾಲ್ಕು ವರ್ಷ ಆದ್ಮೇಲೆ ಆ ಎಫ್‌ಡೀನೇ ಇಂಟರ್ವ್ಯೂಗೆ ಕಳ್ಸಿ.’

ಬಾಯಲ್ಲಿ ಹಾಗೆಂದರೂ ನಮ್ಮವರು ಮಗಳ ಮಾತಿಗೆ ಕರಗುವವರೇ. ಎರಡು ದಿನ ಬಿಟ್ಟು, ನನ್ನ ಮುಖ ನೋಡದೆ ಹೇಳಿದರು: ‘ಸೈಟ್ ಮಾರಿಬಿಡೋಣ ಕಣೇ.’

ಕನಕಪುರ ರಸ್ತೆಯಾಚೆ ನಮಗೊಂದು ಮೂವತ್ತು ನಲವತ್ತರ ಸೈಟಿತ್ತು. ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಸಾಮಾನು ಹೊತ್ತ ನನಗೆ ಭೂಮಿಯ ಮೇಲೆ ಇದ್ದದ್ದು ಅದೊಂದೇ. ವರ್ಷಕ್ಕೊಮ್ಮೆ ಹೋಗಿ ಕಳೆ ತೆಗೆಸಿ, ಅಡುಗೆಮನೆಯ ಕಿಟಕಿ ಎಲ್ಲಿ ಬರಬೇಕೋ ಆ ಜಾಗದಲ್ಲಿ ಸ್ವಲ್ಪ ಹೊತ್ತು ನಿಂತು ಬರುತ್ತಿದ್ದೆ. ಬೆಳಿಗ್ಗೆ ಅಲ್ಲಿಗೆ ಒಳ್ಳೆಯ ಬಿಸಿಲು ಬರುತ್ತಿತ್ತು.

‘ಮಾರೋದಾದ್ರೆ ಮಾರೋಣ. ಮೊದ್ಲು ಏನ್ ತಗೊಳ್ತಿದೀವಿ ಅಂತ ನೋಡ್ಕೊಂಡ್ ಬರೋಣ ರೀ’ ಎಂದೆ.

ಅಲ್ಲಿನ ಅಡ್ಮಿಷನ್ ವಿಭಾಗ ಒಳ್ಳೆಯ ಸೀರೆ ಅಂಗಡಿಯಂತಿತ್ತು. ತಣ್ಣನೆಯ ಗಾಳಿ, ಮೆತ್ತನೆಯ ಸೋಫಾ, ಕೇಳದಿದ್ದರೂ ಕಾಫಿ. ಗೋಡೆಯ ತುಂಬ ನಗುವ ಮಕ್ಕಳ ಫೋಟೋಗಳು, ಪ್ರತಿಯೊಂದರ ಕೆಳಗೂ ದಪ್ಪಕ್ಷರದಲ್ಲಿ ಅವರ ಸಂಬಳ. ನಮ್ಮನ್ನು ಕೂರಿಸಿಕೊಂಡ ಕೌನ್ಸೆಲರ್ ಇನ್ನೂ ಹುಡುಗ. ಟೈ ಕಟ್ಟಿದ್ದರು, ಆದರೆ ಕಾಲರಿನ ಗುಂಡಿ ಬಿಚ್ಚಿತ್ತು. ವರ್ಕ್‌ಶಾಪ್ ತೋರಿಸಿಕೊಂಡು ಬಂದು, ಮಗಳ ಮಾರ್ಕ್ಸ್ ಕಾರ್ಡನ್ನೂ ಅವಳು ತಂದಿದ್ದ ಡ್ರಾಯಿಂಗುಗಳನ್ನೂ ಫೋನಿನಲ್ಲಿ ಫೋಟೋ ತೆಗೆದುಕೊಂಡರು.

‘ಮೇಡಂ, ನೋಡಿ, ನಮ್ಮ ಹೈಯೆಸ್ಟ್ ಪ್ಯಾಕೇಜು’ ಎಂದು ಗೋಡೆ ತೋರಿಸಿದರು. ‘ಇವತ್ತೇ ಸೀಟ್ ಬ್ಲಾಕ್ ಮಾಡಿದ್ರೆ ಒಳ್ಳೇದು. ನಾಳೆ ಗ್ಯಾರಂಟಿ ಇಲ್ಲ.’

ನಮ್ಮವರ ಕೈ ಅಂಗಿಯ ಜೇಬಿನ ಚೆಕ್ಕಿನ ಕಡೆ ಹೋಯಿತು. ನಾನು ಗೋಡೆ ನೋಡುತ್ತಿದ್ದೆ. ಜಯನಗರದ ಮಾರ್ಕೆಟ್ಟಿನಲ್ಲಿ ಟೊಮ್ಯಾಟೊ ಬುಟ್ಟಿಯ ಮೇಲ್ಗಡೆ ಹೊಳೆಯುವಂಥವನ್ನೇ ಜೋಡಿಸಿರುತ್ತಾರಲ್ಲ, ಹಾಗಿದ್ದವು ಆ ಮುಖಗಳು.

‘ಸರ್, ಇವ್ರೆಲ್ಲ ತುಂಬಾ ಚೆನ್ನಾಗಿ ಓದಿದ್ದಾರೆ, ಸಂತೋಷ. ಇದೇ ಕ್ಲಾಸಲ್ಲಿ ಮಧ್ಯದ ಬೆಂಚಲ್ಲಿ ಕೂತಿದ್ದ ಹುಡುಗಿಗೆ ಎಷ್ಟು ಸಂಬಳ ಬಂತು?’

‘ಮಧ್ಯದ ಬೆಂಚು ಅಂದ್ರೆ ಮೇಡಂ?’

‘ಫಸ್ಟೂ ಅಲ್ಲ, ಲಾಸ್ಟೂ ಅಲ್ಲ. ಸಾಧಾರಣದವಳು. ಫೋಟೋ ಹಾಕಿಲ್ವಲ್ಲ, ಅವಳು.’

ಮಗಳು ಮೇಜಿನಡಿ ನನ್ನ ಕಾಲು ಒತ್ತಿದಳು. ಕೌನ್ಸೆಲರ್ ಒಂದು ಕ್ಷಣ ನನ್ನನ್ನೇ ನೋಡಿ, ಎದ್ದು ಒಳಗೆ ಹೋದರು. ನಮ್ಮ ಕಾಫಿಯ ಮೇಲೆ ಕೆನೆ ಕಟ್ಟುವಷ್ಟು ಹೊತ್ತಾದ ಮೇಲೆ ಬಂದು, ದನಿ ತಗ್ಗಿಸಿ ಹೇಳಿದರು: ‘ಸುಮಾರು ಐದು ಲಕ್ಷ ಮೇಡಂ, ವರ್ಷಕ್ಕೆ.’

ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಅವರ ಮೇಲೆ ನನಗೆ ಗೌರವ ಮೂಡಿದ್ದು ಆಗಲೇ. ಲೆಕ್ಕ ಹಾಕಲು ಕಾಗದವೂ ಬೇಕಿರಲಿಲ್ಲ. ಆ ಹುಡುಗಿ ಊಟ ಬಟ್ಟೆ ಬಿಟ್ಟು ದುಡಿದರೂ ಫೀಸು ತೀರಲು ಐದು ವರ್ಷ. ಊಟ ಮಾಡುವವಳಾದರೆ, ನನ್ನ ಸೈಟು ಹೋದದ್ದು ಹೋದಂತೆಯೇ.

‘ಕೋರ್ಸ್ ಚೆನ್ನಾಗಿದೆ ಸರ್, ವರ್ಕ್‌ಶಾಪ್ ಅಂತೂ ತುಂಬಾ ಇಷ್ಟ ಆಯ್ತು. ಆದ್ರೆ ಆ ಮಧ್ಯದ ಹುಡುಗಿ ಸಂಬಳಕ್ಕೂ ಈ ಫೀಸಿಗೂ ಹೊಂದಲ್ಲ. ನಿಮ್ಗೆ ತೊಂದ್ರೆ ಕೊಟ್ವಿ. ಥ್ಯಾಂಕ್ಸ್.’ ಅವರ ಬಣ್ಣದ ಪುಸ್ತಕವನ್ನು ಮೂಲೆ ಮಡಚದಂತೆ ಮೇಜಿನ ಮೇಲಿಟ್ಟು ಎದ್ದೆ.

ಪಾರ್ಕಿಂಗಿನಲ್ಲಿ ಮಗಳು ಅತ್ತಳು. ‘ಇದೇನ್ ಸೊಪ್ಪಿನ ಅಂಗಡೀನಾಮ್ಮಾ? ಇಲ್ಲಿ ಯಾರೂ ವಾಪಸ್ ಕರ್ಯಲ್ಲ!’

ನಮ್ಮವರು ಕಾರಿನ ಕೀ ತಿರುವುತ್ತಾ, ‘ವಿದ್ಯೆಗೆ ಯಾರಾದ್ರೂ ಚೌಕಾಸಿ ಮಾಡ್ತಾರೇನೇ?’ ಎಂದರು.

‘ನಾನೆಲ್ಲಿ ಮಾಡ್ದೆ? ಥ್ಯಾಂಕ್ಸ್ ಹೇಳ್ದೆ ಅಷ್ಟೆ’ ಎಂದೆ. ಆದರೆ ದಾರಿಯುದ್ದಕ್ಕೂ ಫೋನನ್ನು ಕೈಯಲ್ಲೇ ಹಿಡಿದುಕೊಂಡಿದ್ದೆ.

ಸೊಪ್ಪಿನವಳು ತಿರುವು ದಾಟುವುದರೊಳಗೆ ಕರೆಯುತ್ತಾಳೆ. ವಿಶ್ವವಿದ್ಯಾಲಯ ಕರೆಯಲಿಲ್ಲ. ಮರುದಿನವೂ ಇಲ್ಲ, ಆ ವಾರವೂ ಇಲ್ಲ. ಮಗಳು ನನ್ನ ಜೊತೆ ಬೇಕಾದಷ್ಟೇ ಮಾತಾಡುತ್ತಿದ್ದಳು, ‘ಉಪ್ಪು’, ‘ನೀರು’ ಎಂದು. ಜಯನಗರದ ಅನುದಾನಿತ ಕಾಲೇಜಿನಲ್ಲಿ ಬಿ.ಕಾಂ. ಸೀಟು ಸಿಕ್ಕಿತ್ತು. ವರ್ಷದ ಫೀಸು ನಮ್ಮ ಒಂದು ತಿಂಗಳ ಬಾಡಿಗೆಗಿಂತ ಕಡಿಮೆ. ಅಲ್ಲಿಗೇ ಸೇರಿಸುವುದೆಂದು ನಾನು ಮನಸ್ಸು ಗಟ್ಟಿ ಮಾಡಿಕೊಂಡೆ. ಸಾಯಂಕಾಲ ಎಲ್ಲಾದರೂ ಡ್ರಾಯಿಂಗ್ ಕಲಿಯಲಿ ಎಂದೂ ಯೋಚಿಸಿದೆ. ಒಂದು ಬೆಳಿಗ್ಗೆ ಅವಳ ಕೋಣೆ ಗುಡಿಸುವಾಗ ಮಂಚದಡಿ ನಮ್ಮ ಹಳೆಯ ಮಿಕ್ಸಿ ಜಾರು ಸಿಕ್ಕಿತು. ಮುಚ್ಚಳಕ್ಕೆ ಜೇಡಿಮಣ್ಣಿನ ಹೊಸ ಅಂಚು ಕಟ್ಟಿ ಒಣಗಲು ಬಿಟ್ಟಿದ್ದಳು. ಅದನ್ನು ಹಾಗೇ ಒಳಗೆ ಸರಿಸಿ, ಪೊರಕೆ ಹಿಡಿದು ಸ್ವಲ್ಪ ಹೊತ್ತು ಅಲ್ಲೇ ಕೂತೆ. ಕೌನ್ಸೆಲರ್‌ಗೆ ನಾನೇ ಫೋನ್ ಮಾಡಿದ್ದರೆ ಆ ಬೆಳಿಗ್ಗೆಯೇ ಮಾಡುತ್ತಿದ್ದೆ. ಮಾಡಲಿಲ್ಲ.

ಬಿ.ಕಾಂ. ಕಾಲೇಜಿಗೆಂದು ಫೋರ್ಥ್ ಬ್ಲಾಕಿನ ಅಂಗಡಿಯಲ್ಲಿ ಮಗಳಿಗೆ ಚಪ್ಪಲಿ ನೋಡುತ್ತಿದ್ದಾಗ ಫೋನು ಬಂತು.

‘ಮೇಡಂ, ನೆನಪಿದೆಯಾ? ಆ ಮಧ್ಯದ ಬೆಂಚಿಂದು...’

‘ಹೇಳಿ ಸರ್.’

‘ಮಗಳ ಮಾರ್ಕ್ಸು, ಅವ್ರು ತೋರ್ಸಿದ ಡ್ರಾಯಿಂಗು, ಎರಡೂ ಮ್ಯಾನೇಜ್‌ಮೆಂಟ್ ಹತ್ರ ಇಟ್ಟಿದ್ದೆ. ಸ್ಕಾಲರ್‌ಶಿಪ್ ಕೊಡ್ತಿದ್ದಾರೆ. ಟ್ಯೂಷನ್ ಫೀಸಲ್ಲಿ ಮೂರರಲ್ಲಿ ಒಂದು ಭಾಗ ಬಿಡ್ತಾರೆ.’

ಮಗಳು ಒಂದು ಕಾಲಿಗೆ ಹೊಸ ಚಪ್ಪಲಿ, ಇನ್ನೊಂದಕ್ಕೆ ಹಳೆಯದು ಹಾಕಿಕೊಂಡು ನನ್ನ ಬಾಯನ್ನೇ ನೋಡುತ್ತಿದ್ದಳು. ಕುಣಿಯಬೇಕೆನಿಸಿತು. ಆದರೆ ಬಟ್ಟೆ ಅಂಗಡಿಯಲ್ಲಿ ಮೊದಲ ಮೀಟರಿಗೆ ಮಾತ್ರ ರಿಯಾಯಿತಿ ಕೊಟ್ಟ ಅನುಭವ ನನಗಿತ್ತು.

‘ತುಂಬಾ ಥ್ಯಾಂಕ್ಸ್ ಸರ್. ಇದು ಮೊದಲ್ನೇ ವರ್ಷಕ್ಕಾ, ನಾಲ್ಕು ವರ್ಷಕ್ಕೂನಾ?’

ಆ ಕಡೆ ನಗು. ‘ಕೇಳ್ತೀರಾ ಅಂತ ಗೊತ್ತಿತ್ತು ಮೇಡಂ. ಮಾರ್ಕ್ಸ್ ಉಳಿಸ್ಕೊಂಡ್ರೆ ನಾಲ್ಕಕ್ಕೂ.’

‘ಹಾಗಂತ ಒಂದ್ ಮೇಲ್ ಕಳ್ಸಿಬಿಡಿ. ನಾಳೇನೇ ಬರ್ತೀವಿ. ಹಾಸ್ಟೆಲ್ ಬೇಡ, ಮನೆಯಿಂದ ಓಡಾಡ್ತಾಳೆ.’

ಫೋನಿಟ್ಟ ಮೇಲೆ ಮಗಳು ಅಂಗಡಿಯ ಮಧ್ಯದಲ್ಲೇ ನನ್ನನ್ನು ಅಪ್ಪಿಕೊಂಡಳು. ಅಂಗಡಿಯವರು, ‘ಅಷ್ಟೊಂದ್ ಇಷ್ಟ ಆಯ್ತಾ ಚಪ್ಪಲಿ? ಪ್ಯಾಕ್ ಮಾಡ್ಲಾ?’ ಎಂದರು. ಆ ದಿನ ರೇಟು ಕೇಳದೆ ಕೊಂಡೆ.

ಫೀಸಿಗೆ ಅರ್ಧ ನಮ್ಮ ಉಳಿತಾಯ, ಅರ್ಧ ಬ್ಯಾಂಕಿನ ಸಾಲ. ಸೈಟು ಮಾರಬೇಕಾಗಲಿಲ್ಲ. ನಾಲ್ಕು ವರ್ಷ ಅವಳು ಬೆಳಗಿನ ಮೆಟ್ರೋದಲ್ಲಿ ಥರ್ಮೋಕೋಲ್ ಮಾದರಿಗಳನ್ನು ಮಗುವಿನಂತೆ ಎತ್ತಿಕೊಂಡು ಹೋದಳು. ಸ್ಕಾಲರ್‌ಶಿಪ್ ಒಮ್ಮೆಯೂ ತಪ್ಪಲಿಲ್ಲ. ಕೊನೆಗೆ ಸಿಕ್ಕಿದ ಕೆಲಸದ ಸಂಬಳ ಗೋಡೆಯ ಮೇಲೆ ಹಾಕುವಂಥದ್ದಲ್ಲ, ಮಧ್ಯದ ಬೆಂಚಿಗಿಂತ ಒಂದು ಬೆಂಚು ಮುಂದೆ, ಅಷ್ಟೆ. ಆದರೆ ನಾವು ಲೆಕ್ಕ ಹಾಕಿದ್ದೇ ಆ ಮಟ್ಟಕ್ಕಾದ್ದರಿಂದ ಯಾರೂ ಕುಸಿಯಲಿಲ್ಲ. ಮೊನ್ನೆ ಯುಗಾದಿಗೆ ಮೊದಲೇ ಸಾಲ ತೀರಿತು. ಅವಳ ಕಂಪನಿ ಮಾಡುವುದು ಅಡುಗೆಮನೆಯ ಸಾಮಾನು. ಈಗ ನಮ್ಮ ಮಿಕ್ಸಿಯಿಂದ ಚಟ್ನಿ ಸಿಡಿಯುವುದಿಲ್ಲ. ‘ಎಫ್‌ಡಿಗಿಂತ ಪರವಾಗಿಲ್ಲ’ ಎನ್ನುತ್ತಾರೆ ನಮ್ಮವರು. ಅವರ ಬಾಯಲ್ಲಿ ಅದು ಚಿನ್ನದ ಪದಕ.

ಹೋದ ಭಾನುವಾರ ಮನೆ ಕಟ್ಟಿಸುವ ಮಾತಿಗೆ ಕಂಟ್ರಾಕ್ಟರನ್ನು ಸೈಟಿಗೇ ಕರೆಸಿದ್ದೆವು. ಅಡಿ ಲೆಕ್ಕದಲ್ಲಿ ಅವರು ಹೇಳಿದ ರೇಟಿಗೆ ನಮ್ಮವರು ಎಂದಿನಂತೆ ‘ಹ್ಞೂಂ’ ಎಂದು ತಲೆಯಾಡಿಸತೊಡಗಿದರು. ನಾನು ಬಾಯಿ ತೆರೆಯುವ ಮೊದಲೇ ಮಗಳು ನಕ್ಷೆಯನ್ನು ನೀಟಾಗಿ ಸುತ್ತಿ, ‘ಬಿಸಿಲಲ್ಲಿ ಅಷ್ಟು ದೂರದಿಂದ ಬಂದ್ರಿ ಅಂಕಲ್, ಥ್ಯಾಂಕ್ಸ್’ ಎಂದು ನಕ್ಕು ಕಾರಿನತ್ತ ನಡೆದಳು.

ನಾನು ಅವಳ ಬೆನ್ನು ನೋಡಿದೆ. ಅದರಲ್ಲಿ ನಾಟಕವಿರಲಿಲ್ಲ.

‘ಮೇಡಂ, ಒಂದ್ ನಿಮಿಷ’ ಎಂದು ಕಂಟ್ರಾಕ್ಟರ್ ಹಿಂದೆಯೇ ಓಡಿದರು. ನಾನು ಹೋಗಿ ಅಡುಗೆಮನೆಯ ಕಿಟಕಿ ಬರುವ ಜಾಗದಲ್ಲಿ ನಿಂತೆ. ಬಿಸಿಲು ಚೆನ್ನಾಗಿತ್ತು.